ಸಿಪ್ಪೆ ಸಮೇತ ಹೋಗುವ ಬೀಜ: ಸ್ವಾತಂತ್ರ್ಯ ಬಂದು 60 ವರ್ಷ ದಾಟಿದರೂ ಆಫ್ರಿಕಾದಲ್ಲಿ ಇದು ಯಾಕೆ ಹೀಗೆ?

ಕುಡ್ಲದ_ಬೀಜ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ನಾನು ಮಂಗಳೂರಿನವ. ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿ ಇದು ನನ್ನ ಮೂರನೇ ಸೀಸನ್. ಕೆಲಸ ಕಚ್ಚಾ ಗೇರುಬೀಜ ಕೊಳ್ಳುವುದು. ಫೆಬ್ರವರಿಯಿಂದ ಜೂನ್‌ವರೆಗೆ ಬುವಾಕೆ, ಕೊರೋಗೋ ಕಡೆ ಓಡಾಟ. ಆಮೇಲೆ ಅಬಿಜಾನ್ ಬಂದರಿನ ಗೋದಾಮು. ಗೋಣಿಯಿಂದ ಒಂದು ಕೆಜಿ ಬೀಜ ತೆಗೆದು ಎಣಿಸುತ್ತೇವೆ, ಒಂದೊಂದನ್ನೂ ಕತ್ತರಿಸಿ ನೋಡುತ್ತೇವೆ. ಹುಳ ಹಿಡಿದದ್ದು, ಕಪ್ಪಾದದ್ದು, ಸುರುಟಿದ್ದು ಬೇರೆ ಬೇರೆ. 80 ಕೆಜಿ ಮೂಟೆಗೆ ಎಷ್ಟು ಪೌಂಡ್ ತಿರುಳು ಅನ್ನುವುದೇ ಔಟ್‌ಟರ್ನ್. 47, 48 ಬಂದರೆ ಆ ದಿನ ಊಟ ರುಚಿ. (ಫ್ರೆಂಚರ ಹಳೇ ವಸಾಹತಿನಲ್ಲಿ ಕಿಲೋ ಮೂಟೆಗೆ ಬ್ರಿಟಿಷರ ಪೌಂಡು. ಇದೂ ಒಂದು ತಮಾಷೆ.)

ಕಳೆದ ವಾರ ನಮ್ಮ ಡ್ರೈವರ್ ಕೇಳಿದ: "ನಿಮ್ಮ ಊರಲ್ಲಿ ಈ ಮರ ಇಲ್ಲವಾ?" ಇದೆ, ಆದರೆ ಕಾರ್ಖಾನೆಗಳ ಹೊಟ್ಟೆಗೆ ಸಾಲದು ಅಂದೆ. ಅವನು ಸ್ವಲ್ಪ ದೂರ ಸುಮ್ಮನೆ ಗಾಡಿ ಓಡಿಸಿದ. ಆಮೇಲೆ ಅಂದ: "ನಮ್ಮಲ್ಲಿ ಬೀಜ ಇದೆ, ಕಾರ್ಖಾನೆ ಇಲ್ಲ. ನಿಮ್ಮಲ್ಲಿ ಕಾರ್ಖಾನೆ ಇದೆ, ಬೀಜ ಇಲ್ಲ. ಹೀಗೆ ಹಂಚಿದ್ದು ಯಾರು?"

ನನಗೆ ಉತ್ತರ ಬರಲಿಲ್ಲ. ಈ ದೇಶ ಸ್ವತಂತ್ರ ಆದದ್ದು 1960ರ ಆಗಸ್ಟ್ 7ಕ್ಕೆ. ಪ್ರಪಂಚದಲ್ಲೇ ಅತಿ ಹೆಚ್ಚು ಕೋಕೋ ಇಲ್ಲಿಯದು, ಕಚ್ಚಾ ಗೇರುಬೀಜ ರಫ್ತಿನಲ್ಲೂ ಇವರೇ ಮೊದಲು. ಆದರೆ ಗೇರುಬೀಜದ ಬಹುಪಾಲು ಸಿಪ್ಪೆ ಸಮೇತ ಹಡಗು ಹತ್ತಿ ವಿಯೆಟ್ನಾಂಗೂ ನಮ್ಮ ಕಡೆಗೂ ಬರುತ್ತದೆ. ಇದೆಲ್ಲ ಫ್ರೆಂಚರ ತಪ್ಪಾ? ಇವರದ್ದಾ? ಇಲ್ಲಾ ನಮ್ಮದೂ ಪಾಲಿದೆಯಾ? ಗೊತ್ತಿದ್ದವರು ಹೇಳಿ.

ಸೊಪ್ಪಿನ_ಸಾರು

ಹಂಚಿದ್ದು ಫ್ರಾನ್ಸ್. ಇನ್ನೇನು ಚರ್ಚೆ?

ಲೆಕ್ಕದ_ಮನುಷ್ಯ

ಅಷ್ಟು ಸುಲಭ ಅಲ್ಲ. ಕೊರಿಯಾ 1910ರಿಂದ 1945ರವರೆಗೆ ಜಪಾನಿನ ಕೈಯಲ್ಲಿತ್ತು, ಆಮೇಲೆ ಯುದ್ಧದಲ್ಲಿ ಬೂದಿಯಾಯಿತು. ಇವತ್ತು ದಕ್ಷಿಣ ಕೊರಿಯಾ ನೋಡಿ. ಅಷ್ಟು ದೂರ ಬೇಡ, ಆಫ್ರಿಕಾದಲ್ಲೇ ಬೋಟ್ಸ್ವಾನಾ ಇದೆ. 1966ರಲ್ಲಿ ಬ್ರಿಟಿಷರು ಬಿಟ್ಟು ಹೋದಾಗ ಇಡೀ ದೇಶದಲ್ಲಿ ಇದ್ದ ಡಾಂಬರು ರಸ್ತೆ 12 ಕಿಲೋಮೀಟರ್ ಅಂತ ಹೇಳುತ್ತಾರೆ. ಮರುವರ್ಷ ವಜ್ರ ಸಿಕ್ಕಿತು. ಆ ಹಣವನ್ನು ತಿಂದುಹಾಕಲಿಲ್ಲ, ಶಾಲೆ, ರಸ್ತೆ, ಆಸ್ಪತ್ರೆಗೆ ಹಾಕಿದರು. ಅಪ್ಪ ನೆಟ್ಟ ಆಲದ ಮರ ಅಂತ ಅದಕ್ಕೇ ನೇಣು ಹಾಕಿಕೊಳ್ಳಬೇಕಾಗಿಲ್ಲ. 60 ವರ್ಷ ಕಡಿಮೆ ಸಮಯ ಅಲ್ಲ ಸ್ವಾಮಿ. ಎಲ್ಲದಕ್ಕೂ ಪರಂಗಿಯವರನ್ನೇ ಬೈಯುತ್ತಾ ಕೂತರೆ ನಮ್ಮ ಕಳ್ಳರಿಗೆ ಹಬ್ಬ.

ಹಳೇ_ಮೇಷ್ಟ್ರು

ಬೋಟ್ಸ್ವಾನಾ ಉದಾಹರಣೆ ಒಳ್ಳೆಯದೇ. ಆದರೆ ಅದನ್ನೇ ಪೂರ್ತಿ ಹೇಳಿ. ಅಲ್ಲಿಯ ವಜ್ರವನ್ನು ಮಾರುವ ಕೆಲಸ ದಶಕಗಳ ಕಾಲ ನಡೆದದ್ದು ಲಂಡನ್‌ನಲ್ಲಿ. ಅದು ಬೋಟ್ಸ್ವಾನಾದ ರಾಜಧಾನಿಗೆ ಬಂದದ್ದು 2013ರಲ್ಲಿ. ಅಷ್ಟು ಚೆನ್ನಾಗಿ ಆಡಳಿತ ಮಾಡಿದ ದೇಶಕ್ಕೂ ತನ್ನ ಕಲ್ಲನ್ನು ತನ್ನ ಮನೆಯಲ್ಲೇ ಮಾರಲು 46 ವರ್ಷ ಹಿಡಿಯಿತು.

ಇನ್ನು ಐವರಿ ಕೋಸ್ಟ್ ವಿಷಯಕ್ಕೆ ಬಂದರೆ, ಮೂಲ ಪೋಸ್ಟ್ ಹಾಕಿದವರ ಜೇಬಿನಲ್ಲಿರುವ ನೋಟನ್ನು ತೆಗೆದು ನೋಡಲಿ. ಅದು ಸಿಎಫ್‌ಎ ಫ್ರಾಂಕ್. ಹುಟ್ಟಿದ್ದು 1945ರ ಡಿಸೆಂಬರ್ 26ಕ್ಕೆ. ಆಗ ಆ ಮೂರು ಅಕ್ಷರಗಳ ಅರ್ಥ 'ಆಫ್ರಿಕಾದ ಫ್ರೆಂಚ್ ವಸಾಹತುಗಳು'. ಸ್ವಾತಂತ್ರ್ಯ ಬಂತು, ಅಕ್ಷರ ಹಾಗೇ ಉಳಿಯಿತು, ಅರ್ಥ ಮಾತ್ರ 'ಆಫ್ರಿಕನ್ ಹಣಕಾಸು ಸಮುದಾಯ' ಅಂತ ಬದಲಾಯಿತು. ಬೋರ್ಡು ಬದಲಾಯಿಸಿ ಅದೇ ಹೋಟೆಲು ನಡೆಸಿದ ಹಾಗೆ.

ಈ ನೋಟಿನ ಬೆಲೆ ಫ್ರಾನ್ಸಿನ ಹಣಕ್ಕೆ ಕಟ್ಟಿಹಾಕಿದ್ದು. ಈಗ ಒಂದು ಯೂರೋಗೆ 655.957 ಫ್ರಾಂಕ್, ಹಿಂದೆ ಮುಂದೆ ಆಡುವುದಿಲ್ಲ. ಆ ಭದ್ರತೆಗೆ ಬದಲಾಗಿ ಈ ದೇಶಗಳು ತಮ್ಮ ವಿದೇಶಿ ಹಣದ ದೊಡ್ಡ ಪಾಲನ್ನು ಪ್ಯಾರಿಸ್‌ನ ಖಜಾನೆಯಲ್ಲಿ ಇಡಬೇಕಿತ್ತು. ಬಹಳ ವರ್ಷ ಅದು ಅರ್ಧದಷ್ಟಿತ್ತು. ತಮ್ಮ ದುಡ್ಡು, ಇನ್ನೊಬ್ಬರ ಪೆಟ್ಟಿಗೆ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತೇವಲ್ಲ, ಇಲ್ಲಿ ದೇವರ ಹುಂಡಿಯೇ ಪೂಜಾರಿಯ ಮನೆಯಲ್ಲಿ.

ಸ್ವಾತಂತ್ರ್ಯದ ನಂತರ ಬೆಲೆ ಬದಲಾದದ್ದು ಒಮ್ಮೆ, 1994ರ ಜನವರಿಯಲ್ಲಿ. ಒಂದೇ ರಾತ್ರಿಯಲ್ಲಿ ಅರ್ಧಕ್ಕೆ ಇಳಿಸಿದರು. ಒಂದು ಫ್ರೆಂಚ್ ಫ್ರಾಂಕಿಗೆ 50 ಇದ್ದದ್ದು 100 ಆಯಿತು. ಮಲಗುವಾಗ ಸಾವಿರ ಇದ್ದವನಿಗೆ ಏಳುವಾಗ ಐನೂರು. ಹೊರಗಿನಿಂದ ಬರುವ ಔಷಧಿ, ಅಕ್ಕಿ, ಗೋಧಿ ಎಲ್ಲ ದುಬಾರಿ.

ಲೆಕ್ಕದ_ಮನುಷ್ಯ

ಆದರೆ ಪಕ್ಕದ ಘಾನಾದಲ್ಲಿ ಸ್ವಂತ ನೋಟು ಇತ್ತಲ್ಲ, ಮೇಷ್ಟ್ರೇ? ಅಲ್ಲಿ ಬೆಲೆ ಏರಿಕೆ ಎಷ್ಟು ಸಲ ಜನರ ಸೊಂಟ ಮುರಿದಿದೆ? ಸಿಎಫ್‌ಎ ಜನ ಆ ಒಂದು ವಿಷಯದಲ್ಲಿ ನೆಮ್ಮದಿಯಾಗಿದ್ದರು. ನಿಮ್ಮ ಪೂಜಾರಿ ಹುಂಡಿಯನ್ನಾದರೂ ಕಾಪಾಡಿದ.

ಹಳೇ_ಮೇಷ್ಟ್ರು

ಒಪ್ಪುತ್ತೇನೆ. ಅದಕ್ಕೇ ಅದನ್ನು ಬಿಡುವುದು ಅವರಿಗೂ ಕಷ್ಟ. ಆದರೆ ಗಟ್ಟಿ ನೋಟಿನಿಂದ ಹೊರಗಿನ ಸಾಮಾನು ಅಗ್ಗ, ಒಳಗೆ ತಯಾರಿಸಿದ್ದು ಹೊರಗೆ ದುಬಾರಿ. ಕಾರ್ಖಾನೆ ಹಾಕುವವನಿಗೆ ಇದು ಪೆಟ್ಟು. ಕಚ್ಚಾ ಮಾಲು ಮಾರುವವನಿಗೆ, ಫ್ರಾನ್ಸಿನಿಂದ ಕಾರು ತರಿಸುವವನಿಗೆ ಸುಖ. ಡ್ರೈವರ್ ಕೇಳಿದ ಪ್ರಶ್ನೆಗೆ ಒಂದು ತುಂಡು ಉತ್ತರ ಇಲ್ಲಿದೆ.

ನಕ್ಷೆ_ಪ್ರಿಯ

ಸಿಎಫ್‌ಎ ನೋಟಿನ ಈ 14 ಫ್ರೆಂಚ್ ವಸಾಹತುಗಳಲ್ಲಿ ಒಂದೂ ಹೊರಗೆ ಬರಲಿಲ್ಲವಾ?

ಗಿನಿಕೋಳಿ

ತಿದ್ದುಪಡಿ: ದೇಶಗಳು 14 ಹೌದು, ಆದರೆ ಎಲ್ಲವೂ ಫ್ರೆಂಚರದ್ದಲ್ಲ. ಈಕ್ವಟೋರಿಯಲ್ ಗಿನಿ ಸ್ಪೇನಿನದ್ದು, 1985ರಲ್ಲಿ ಸೇರಿತು. ಗಿನಿ-ಬಿಸ್ಸಾವ್ ಪೋರ್ಚುಗೀಸರದ್ದು, 1997ರಲ್ಲಿ ಸೇರಿತು.

ಮೊದಲು ಹೊರಗೆ ಬಂದದ್ದು ಮೂರನೇ ಗಿನಿ, ಅಂದರೆ ಬರೀ ಗಿನಿ. 1958ರ ಸೆಪ್ಟೆಂಬರ್ 28ಕ್ಕೆ ಫ್ರಾನ್ಸ್ ತನ್ನ ವಸಾಹತುಗಳಲ್ಲಿ ಮತದಾನ ಇಟ್ಟಿತು: ನಮ್ಮ ಕೂಟದಲ್ಲಿ ಇರುತ್ತೀರಾ, ಇಲ್ಲವಾ? ಎಲ್ಲರೂ ಹೂಂ ಅಂದರು, ಸೆಕು ಟೂರೆಯ ಗಿನಿ ಮಾತ್ರ ಊಹೂಂ ಅಂದಿತು. ಅದೂ ನೂರಕ್ಕೆ 95ರಷ್ಟು. ಅಕ್ಟೋಬರ್ 2ಕ್ಕೆ ಸ್ವತಂತ್ರ. ಫ್ರೆಂಚರು ಕೋಪದಲ್ಲಿ ಗಂಟುಮೂಟೆ ಕಟ್ಟಿದರು. ಅಧಿಕಾರಿಗಳು, ಮೇಷ್ಟ್ರುಗಳು, ಡಾಕ್ಟರುಗಳು ಒಟ್ಟಿಗೆ ಹೊರಟರು. ಕಡತ ಸುಟ್ಟರು, ಟೆಲಿಫೋನ್ ಕಿತ್ತರು. 1960ರಲ್ಲಿ ಗಿನಿ ಸ್ವಂತ ನೋಟು ತಂದಾಗ ಫ್ರೆಂಚ್ ಗೂಢಚಾರರು ಖೋಟಾ ನೋಟು ಸುರಿದು ಅದನ್ನು ಹಾಳುಮಾಡಲು ನೋಡಿದರು.

ಸೊಪ್ಪಿನ_ಸಾರು

ಮನೆ ಖಾಲಿ ಮಾಡುವಾಗ ಬಲ್ಬು ಬಿಚ್ಚಿಕೊಂಡು ಹೋಗುವ ಬಾಡಿಗೆದಾರರ ಹಾಗೆ.

ಗಿನಿಕೋಳಿ

ಬಾಡಿಗೆಯನ್ನೂ ಕೊಡದ ಬಾಡಿಗೆದಾರರು. ಆದರೆ ಸೆಕು ಟೂರೆಯನ್ನು ತಲೆ ಮೇಲೆ ಕೂರಿಸಬೇಡಿ. ಸಂಚು ಸಂಚು ಅಂತ ಎಲ್ಲರ ಮೇಲೂ ಅನುಮಾನ ಪಟ್ಟ. ಕ್ಯಾಂಪ್ ಬೋಯಿರೋ ಅನ್ನುವ ಜೈಲಿನಲ್ಲಿ ತನ್ನದೇ ಜನರನ್ನು ಹಸಿವಿಗೆ ಹಾಕಿ ಕೊಂದ. ನಿಜವಾಗಿಯೂ ಸಂಚು ಮಾಡುವವರು ಹೊರಗಿದ್ದರು, ಅದನ್ನೇ ನೆಪ ಮಾಡಿ ಒಳಗಿನವರನ್ನು ತಿಂದ. ಎರಡೂ ನಿಜ.

ಧಾರವಾಡ_ಹತ್ತಿ

ರೈಲ್ವೆ ನಕ್ಷೆ ನೋಡಿದರೆ ಎಲ್ಲ ತಿಳಿಯುತ್ತದೆ ನೋಡ್ರೀ. ಪಶ್ಚಿಮ ಆಫ್ರಿಕಾದ ಹಳೇ ರೈಲು ದಾರಿಗಳು ಹೆಚ್ಚಾಗಿ ಒಳನಾಡಿನಿಂದ ಬಂದರಿಗೆ ಇಳಿಯುತ್ತವೆ. ಒಂದು ದೇಶದ ಪೇಟೆಯಿಂದ ಇನ್ನೊಂದು ದೇಶದ ಪೇಟೆಗೆ ಹೋಗುವುದು ಕಡಿಮೆ. ಅಬಿಜಾನ್ ಮತ್ತು ಘಾನಾದ ಅಕ್ರಾ ಒಂದೇ ಕರಾವಳಿಯಲ್ಲಿವೆ, ಮಧ್ಯೆ ರೈಲಿಲ್ಲ. ಗಡಿಯ ಎರಡೂ ಕಡೆ ಇರುವುದು ಒಂದೇ ಅಕಾನ್ ಜನ. ಒಂದು ಕಡೆಯವರಿಗೆ ಫ್ರೆಂಚ್, ಇನ್ನೊಂದು ಕಡೆಯವರಿಗೆ ಇಂಗ್ಲಿಷ್.

ನಮ್ಮ ಕಡೆಯದ್ದೂ ಇದೇ ಕಥೆ. 1860ರ ದಶಕದಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳಿಗೆ ಹತ್ತಿ ತಪ್ಪಿದಾಗ ಧಾರವಾಡದ ಹತ್ತಿಗೆ ಬಂಗಾರದ ಬೆಲೆ ಬಂತು. ಯುದ್ಧ ಮುಗಿಯಿತು, ಬೆಲೆಯೂ ಬಿತ್ತು. ಆಮೇಲೆ 1880ರ ದಶಕದಲ್ಲಿ ರೈಲು ಹಾಕಿದರು, ಅದೂ ಎಲ್ಲಿಗೆ? ಲೋಂಡಾ, ಕ್ಯಾಸಲ್‌ರಾಕ್ ದಾಟಿ ಪೋರ್ಚುಗೀಸರ ಮುರಗಾಂವ್ ಬಂದರಿಗೆ. ನಮ್ಮ ಕಾರವಾರ ಬಾಯಿ ಬಿಟ್ಟುಕೊಂಡು ಕೂತಿತು.

ರೈಲು_ಹುಚ್ಚ

ರೈಲಿನ ವಿಷಯ ಬಂತು, ನಾನು ಸುಮ್ಮನಿರುವುದು ಹೇಗೆ!

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಎಲ್ಲಿಂದ? ಕೇರಳದ ಕಡೆಯಿಂದ, ಮದ್ರಾಸಿನ ದಾರಿಯಾಗಿ. ಯಾಕೆಂದರೆ ದಕ್ಷಿಣ ಕನ್ನಡ ಇದ್ದದ್ದು ಮದ್ರಾಸ್ ಪ್ರಾಂತ್ಯದಲ್ಲಿ. ಹಾಸನದ ಕಡೆಯಿಂದ ಘಾಟಿ ಇಳಿದು ಮಂಗಳೂರಿಗೆ ರೈಲು ಬಂದದ್ದು 1979ರಲ್ಲಿ! ಅಂದರೆ ಸ್ವಾತಂತ್ರ್ಯ ಬಂದು 32 ವರ್ಷ, ಏಕೀಕರಣ ಆಗಿ 23 ವರ್ಷ. ಅಲ್ಲಿಯವರೆಗೆ ಬೆಂಗಳೂರಿಗೆ ರೈಲಲ್ಲಿ ಹೋಗಬೇಕು ಅಂದರೆ ಕೇರಳ, ತಮಿಳುನಾಡು ಸುತ್ತಬೇಕು. 1990ರ ದಶಕದಲ್ಲಿ ಗೇಜ್ ಬದಲಾಯಿಸಲು ಮುಚ್ಚಿದ್ದು ಮತ್ತೆ ಪ್ರಯಾಣಿಕರಿಗೆ ಸಿಕ್ಕಿದ್ದು 2007ರ ಕೊನೆಗೆ. ಅದರ ನಂತರವೂ ಮಂಗಳೂರು ಸ್ಟೇಷನ್ನು ಪಾಲಕ್ಕಾಡ್ ವಿಭಾಗದ ಕೈಯಲ್ಲೇ ಉಳಿಯಿತು. ಗೆರೆ ಎಳೆದವನು ಹೋದ, ಗೆರೆ ಹೋಗಲಿಲ್ಲ.

ಬೈಕಂಪಾಡಿ_ಬಸ್ಸು

ಪಾಲಕ್ಕಾಡ್ ಸುದ್ದಿ ಎತ್ತಬೇಡಿ ಮಾರಾಯ್ರೆ. ರಾತ್ರಿ ನಿದ್ದೆ ಬರುವುದಿಲ್ಲ.

ಊರಾಚೆ_ಮನೆ

ಆದರೂ ಬ್ರಿಟಿಷರು ಬಂದದ್ದಕ್ಕೇ ಅಲ್ವಾ ರೈಲು ಬಂದದ್ದು? ಇಲ್ಲದಿದ್ದರೆ ಎತ್ತಿನ ಗಾಡಿಯೇ.

ರೈಲು_ಹುಚ್ಚ

@ಊರಾಚೆ_ಮನೆ ಜಪಾನಿಗೆ ಯಾವ ಬ್ರಿಟಿಷರು ಬಂದು ಆಳಿದ್ದರು? 1872ರಲ್ಲಿ ಅವರ ಮೊದಲ ರೈಲು ಓಡಿತು. ಎಂಜಿನಿಯರ್‌ಗಳನ್ನು ಸಂಬಳ ಕೊಟ್ಟು ಕರೆಸಿದರು, ಕೆಲಸ ಕಲಿತರು, ಕಳಿಸಿದರು. ಸಾಮಾನು ಕೊಳ್ಳುವುದು ಬೇರೆ, ಅಂಗಡಿಯವನೇ ಮನೆಗೆ ಬಂದು ಯಜಮಾನ ಆಗುವುದು ಬೇರೆ.

ನಿರ್ವಾಹಕ

ಪಾಲಕ್ಕಾಡ್ ವಿಭಾಗಕ್ಕೆ ಬೇರೆ ಚರ್ಚೆ ಇದೆ, ಅಲ್ಲಿ ಈಗಾಗಲೇ 400 ಉತ್ತರ ಇವೆ. ಇಲ್ಲಿ ಆಫ್ರಿಕಾಕ್ಕೆ ವಾಪಸ್ ಬನ್ನಿ.

ಕುಡ್ಲದ_ಬೀಜ

ಅಬ್ಬಾ, ಎರಡು ದಿನ ಹಳ್ಳಿ ಕಡೆ ಇದ್ದೆ, ನೆಟ್ ಇರಲಿಲ್ಲ. ಇಷ್ಟು ಬರೆದಿದ್ದೀರಿ!

ರೈಲಿನ ಮಾತು ನೂರಕ್ಕೆ ನೂರು ಸರಿ. ಇಲ್ಲಿಯ ಹಳಿಯ ಕೆಲಸ 1904ರಲ್ಲಿ ಶುರುವಾಗಿ, ಉತ್ತರಕ್ಕೆ ಹತ್ತಿ ಹತ್ತಿ 1954ರಲ್ಲಿ ವಾಗಾಡುಗು ಮುಟ್ಟಿತು. ಅದು ಈಗಿನ ಬುರ್ಕಿನಾ ಫಾಸೋ ರಾಜಧಾನಿ. ಆ ದೇಶಕ್ಕೆ ಸಮುದ್ರವಿಲ್ಲ. ಅಲ್ಲಿಂದ ಕೆಳಗೆ ಇಳಿದು ಬಂದ ದೊಡ್ಡ ಸರಕು ಯಾವುದು ಗೊತ್ತಾ? ಮನುಷ್ಯರು.

ಇದನ್ನು ನನಗೆ ಹೇಳಿದ್ದು ಬುವಾಕೆಯ ನಮ್ಮ ಗೋದಾಮಿನ ಮುದುಕ ಕಾವಲುಗಾರ. ಆಮೇಲೆ ಓದಿಯೂ ನೋಡಿದೆ. ಆಗ ಅಪ್ಪರ್ ವೋಲ್ಟಾ ಅಂತ ಒಂದು ವಸಾಹತು ಇತ್ತು. ದಕ್ಷಿಣದ ಕೋಕೋ, ಕಾಫಿ ತೋಟಗಳಿಗೆ ಆಳು ಬೇಕಿತ್ತು. ಫ್ರೆಂಚರು 1932ರಲ್ಲಿ ಆ ವಸಾಹತನ್ನೇ ಅಳಿಸಿ, ದೊಡ್ಡ ಪಾಲನ್ನು ಐವರಿ ಕೋಸ್ಟ್‌ಗೆ ಸೇರಿಸಿಬಿಟ್ಟರು. ಜನರನ್ನು ಹಿಡಿದು ತಂದು ಬಿಟ್ಟಿ ದುಡಿಸುವುದು ಸಲೀಸಾಯಿತು. ಬಲವಂತದ ದುಡಿಮೆ ನಿಂತದ್ದು 1946ರಲ್ಲಿ. ಆ ಕಾಯ್ದೆ ತಂದವರು ಊಫುಯೆ-ಬ್ವಾನಿ, ಮುಂದೆ ಈ ದೇಶದ ಮೊದಲ ಅಧ್ಯಕ್ಷ ಆದವರು. ಸ್ವತಃ ಕೋಕೋ ತೋಟದ ಧಣಿ! ಅಪ್ಪರ್ ವೋಲ್ಟಾ 1947ರಲ್ಲಿ ಮತ್ತೆ ಹುಟ್ಟಿತು. ಒಂದು ನಾಡನ್ನು ಸ್ಲೇಟಿನ ಮೇಲೆ ಬರೆದ ಹಾಗೆ ಒರೆಸಿ, ಮತ್ತೆ ಬರೆದರು.

ಆದರೆ ಬಂದವರು ಇಲ್ಲೇ ಉಳಿದರು. ಸ್ವಾತಂತ್ರ್ಯದ ನಂತರವೂ ಕೆಲಸಕ್ಕೆ ಬಂದರು, ಮಕ್ಕಳು ಮರಿ ಆದರು. ಕೋಕೋ ಬೆಲೆ ಚೆನ್ನಾಗಿರುವವರೆಗೆ ಯಾರೂ ಕೇಳಲಿಲ್ಲ. ಬೆಲೆ ಬಿದ್ದ ಮೇಲೆ ಶುರುವಾಯಿತು: ನೀನು ನಿಜವಾದ ಐವರಿ ಕೋಸ್ಟಿನವನಾ? ನಿನ್ನ ಅಪ್ಪ ಎಲ್ಲಿಯವನು? ನಿನ್ನ ತಾಯಿ? 'ಐವರಿತನ' ಅಂತ ಒಂದು ಮಾತೇ ಹುಟ್ಟಿತು. 2002ರಲ್ಲಿ ದೇಶ ಎರಡು ಹೋಳಾಯಿತು. ಉತ್ತರದ ಬಂಡಾಯಗಾರರ ರಾಜಧಾನಿ ಇದೇ ಬುವಾಕೆ. 2010ರ ಚುನಾವಣೆಯ ನಂತರ ಮತ್ತೆ ರಕ್ತ.

ಮುದುಕನ ಅಪ್ಪನನ್ನು ರೈಲಿನಲ್ಲಿ ತಂದಿದ್ದರು. ಮುದುಕ ಹುಟ್ಟಿದ್ದು ಇಲ್ಲೇ. ಯುದ್ಧದ ಕಾಲದಲ್ಲಿ ಚೆಕ್‌ಪೋಸ್ಟ್‌ನಲ್ಲಿ ಇವನ ಹೆಸರು ನೋಡಿ ಗುರುತಿನ ಚೀಟಿಯನ್ನು ಹರಿದು ಹಾಕಿದ್ದರಂತೆ. "ನಮ್ಮನ್ನು ಕರೆದು ತಂದವರ ವಿಳಾಸ ಪ್ಯಾರಿಸ್, ಹೋಗು ಅಂದವರ ವಿಳಾಸ ಅಬಿಜಾನ್" ಅಂದ. ನಾನು ಏನೂ ಹೇಳಲಿಲ್ಲ, ಚಹಾ ತರಿಸಿದೆ.

ಕೊಡೆ_ಮರೆತವ

ಓದಿ ಮನಸ್ಸು ಭಾರವಾಯಿತು. ಅಸ್ಸಾಮಿನ ಚಹಾ ತೋಟಕ್ಕೆ ಛೋಟಾನಾಗಪುರದವರನ್ನು ಒಯ್ದದ್ದು, ಸಿಲೋನಿಗೆ ತಮಿಳರನ್ನು ಒಯ್ದದ್ದು, ಎಲ್ಲ ಇದೇ ಜಾತಿಯ ಕಥೆ.

ಕಂಪಾಲಾ_ಕನ್ನಡಿಗ

ಪೂರ್ವ ಆಫ್ರಿಕಾದ್ದೂ ಹೇಳುತ್ತೇನೆ. 1896ರಲ್ಲಿ ಮೊಂಬಾಸಾದಿಂದ ಉಗಾಂಡಾ ರೈಲ್ವೆ ಶುರು ಮಾಡಿದಾಗ ಭಾರತದಿಂದ ಸುಮಾರು 32,000 ಕೂಲಿಗಳನ್ನು ತಂದರು, ಹೆಚ್ಚಿನವರು ಪಂಜಾಬಿನವರು. ಸುಮಾರು 2,500 ಜನ ಸತ್ತರು. ಜ್ವರ, ಭೇದಿ, ಅಪಘಾತ, ಸ್ವಲ್ಪ ಮಂದಿ ಸಿಂಹದ ಬಾಯಿಗೆ. ಆಮೇಲೆ ಅಂಗಡಿ, ಗುಮಾಸ್ತೆ ಕೆಲಸಕ್ಕೆ ಗುಜರಾತಿಗಳು, ಗೋವಾದವರು ಬಂದರು. ಬ್ರಿಟಿಷರು ಮೂರು ಮೆಟ್ಟಿಲು ಮಾಡಿದರು: ಮೇಲೆ ಬಿಳಿಯರು, ನಡುವೆ ನಾವು, ಕೆಳಗೆ ಆ ನೆಲದವರು. ಸಿಟ್ಟು ಬಂದಾಗ ಕೈಗೆ ಸಿಗುವುದು ನಡುವಿನ ಮೆಟ್ಟಿಲು. 1972ರ ಆಗಸ್ಟ್‌ನಲ್ಲಿ ಉಗಾಂಡಾದ ಸರ್ವಾಧಿಕಾರಿ ಇದಿ ಅಮೀನ್ 90 ದಿನ ಗಡುವು ಕೊಟ್ಟು ಏಷ್ಯನ್ನರನ್ನು ಓಡಿಸಿದ.

ಆದರೆ ಒಂದು ಮಾತು, ನಮ್ಮವರು ಕೇಳಲು ಇಷ್ಟಪಡದ್ದು. ನಡುವಿನ ಮೆಟ್ಟಿಲಲ್ಲಿ ನಿಂತ ನಾವು ಕೆಳಗಿನವರನ್ನು ಚೆನ್ನಾಗಿ ನೋಡಿಕೊಂಡೆವಾ? ಈಗಲೂ ಇಲ್ಲಿ ಕೆಲವು ನಮ್ಮವರ ಅಂಗಡಿಯಲ್ಲಿ ಕೆಲಸದವರನ್ನು ಮಾತಾಡಿಸುವ ರೀತಿ ಕೇಳಿದರೆ ನಾಚಿಕೆ ಆಗುತ್ತದೆ.

ಬೈಕಂಪಾಡಿ_ಬಸ್ಸು

ಸರ್, ಉಗಾಂಡಾದಲ್ಲಿ ಅಕೌಂಟ್ಸ್ ಕೆಲಸ ಇದ್ದರೆ ತಿಳಿಸಿ. ಬಿ.ಕಾಂ, ಟ್ಯಾಲಿ ಗೊತ್ತು.

ಕಂಪಾಲಾ_ಕನ್ನಡಿಗ

ಈಗಷ್ಟೇ ಮೂರು ಮೆಟ್ಟಿಲ ಕಥೆ ಹೇಳಿದೆನಲ್ಲ ಮಾರಾಯ್ರೆ! ಇರಲಿ, ಖಾಸಗಿ ಮೆಸೇಜ್ ಹಾಕಿ.

ಲೆಕ್ಕದ_ಮನುಷ್ಯ

1957ರಲ್ಲಿ ನಡೆದ ಒಂದು ಬೆಟ್ ನೆನಪಾಯಿತು. ಘಾನಾ ಆಗಷ್ಟೇ, ಮಾರ್ಚ್ 6ಕ್ಕೆ, ಸ್ವತಂತ್ರ ಆಗಿತ್ತು. ಮುಂದಿನ ತಿಂಗಳು ಅದರ ನಾಯಕ ಎನ್‌ಕ್ರುಮಾ ಅಬಿಜಾನ್‌ಗೆ ಹೋದಾಗ ಊಫುಯೆ-ಬ್ವಾನಿ ಹೇಳಿದರು: ನಿಮ್ಮದು ಬಿಡಿಸಿಕೊಳ್ಳುವ ದಾರಿ, ನಮ್ಮದು ಫ್ರಾನ್ಸ್ ಜೊತೆ ಇರುವ ದಾರಿ. ಹತ್ತು ವರ್ಷ ಬಿಟ್ಟು ನೋಡೋಣ. ಹತ್ತು ತುಂಬುವ ಮೊದಲೇ, 1966ರ ಫೆಬ್ರವರಿಯಲ್ಲಿ ಸೈನ್ಯ ಎನ್‌ಕ್ರುಮಾ ಅವರನ್ನು ಇಳಿಸಿತು. ದೇಶ ಸಾಲದಲ್ಲಿ ಮುಳುಗಿತ್ತು. ಇತ್ತ ಅಬಿಜಾನ್‌ನಲ್ಲಿ ಗಗನಚುಂಬಿ ಕಟ್ಟಡ. ಬೆಟ್ ಗೆದ್ದದ್ದು ಯಾರು ಹೇಳಿ?

ಹಳೇ_ಮೇಷ್ಟ್ರು

ಪಂದ್ಯವನ್ನು ಹತ್ತಕ್ಕೆ ನಿಲ್ಲಿಸಬೇಡಿ. 1970ರ ದಶಕದ ಕೊನೆಗೆ ಕೋಕೋ ಬೆಲೆ ಬಿತ್ತು, 1987ರಲ್ಲಿ ಐವರಿ ಕೋಸ್ಟ್ ಸಾಲ ತೀರಿಸಲು ಆಗುವುದಿಲ್ಲ ಎಂದು ಕೈ ಎತ್ತಿತು. 2002ರ ಕಥೆ ಮೇಲೇ ಇದೆ. ಬಿಡಿಸಿಕೊಂಡ ಘಾನಾ, ಜೊತೆಗಿದ್ದ ಐವರಿ ಕೋಸ್ಟ್, ಇಬ್ಬರೂ ಇವತ್ತಿಗೂ ಕೋಕೋವನ್ನು ಮಾರುವುದು ಹೆಚ್ಚಾಗಿ ಬೀಜವಾಗಿಯೇ. ಚಾಕೊಲೇಟ್ ಬೇರೆಯವರದ್ದು. ಬೆಟ್ ಗೆದ್ದವನು ಇಬ್ಬರಲ್ಲಿ ಯಾರೂ ಅಲ್ಲ.

ಎನ್‌ಕ್ರುಮಾ ಕಟ್ಟಿಸಿದ ಅಕೊಸೊಂಬೋ ಅಣೆಕಟ್ಟಿನ ಕಥೆ ಇನ್ನೂ ಚೆಂದ. ಘಾನಾದಲ್ಲಿ ಬಾಕ್ಸೈಟ್ ಅದಿರು ಇದೆ. ಅದನ್ನು ಅಲ್ಯೂಮಿನಿಯಂ ಮಾಡಲು ವಿದ್ಯುತ್ ಬೇಕು ಎಂದು ಅಣೆಕಟ್ಟು. ಹಣ ಹೊಂದಿಸಲು ಅಮೆರಿಕದ ಕಂಪನಿಯ ಕೈ ಹಿಡಿಯಬೇಕಾಯಿತು. ಕಂಪನಿ ಅಗ್ಗದ ವಿದ್ಯುತ್ತನ್ನು ತೆಗೆದುಕೊಂಡಿತು, ಅಲ್ಯೂಮಿನಾವನ್ನು (ಅದಿರಿನಿಂದ ತೆಗೆದ ಪುಡಿ) ಮಾತ್ರ ಹೊರಗಿನಿಂದ ಹಡಗಲ್ಲಿ ತರಿಸಿತು. ಘಾನಾದ ಅದಿರಿನಿಂದ ಅಲ್ಲಿ ಅಲ್ಯೂಮಿನಿಯಂ ಆಗಲಿಲ್ಲ.

ನಕ್ಷೆ_ಪ್ರಿಯ

ಗಡಿಗಳನ್ನೇ ಬದಲಾಯಿಸಬಹುದಿತ್ತಲ್ಲ? ಬರ್ಲಿನ್‌ನಲ್ಲಿ 1884–85ರಲ್ಲಿ ಕೂತು ಎಳೆದ ಗೆರೆ.

ಗಿನಿಕೋಳಿ

ಎಲ್ಲ ಗೆರೆ ಅಲ್ಲೇ ಎಳೆದದ್ದಲ್ಲ, ನಿಯಮ ಮಾಡಿದ್ದು ಅಲ್ಲಿ. ಗೆರೆ ಆಮೇಲೆ ಒಂದೊಂದಾಗಿ ಬಿತ್ತು. ಬದಲಾಯಿಸುವ ಪ್ರಶ್ನೆ 1964ರಲ್ಲಿ ಕೈರೋದಲ್ಲಿ ಬಂತು. ಸ್ವತಂತ್ರವಾದಾಗ ಇದ್ದ ಗಡಿಯನ್ನೇ ಇಟ್ಟುಕೊಳ್ಳೋಣ ಎಂದು ಆಫ್ರಿಕಾದ ನಾಯಕರೇ ಒಪ್ಪಿದರು. ಒಂದು ಎಳೆ ಎಳೆದರೆ ಇಡೀ ಸ್ವೆಟರ್ ಬಿಚ್ಚಿಕೊಳ್ಳುತ್ತದೆ ಎಂಬ ಭಯ. ನಮ್ಮ ಬೆಳಗಾವಿ, ಕಾಸರಗೋಡು ನೆನಪಿಸಿಕೊಂಡರೆ ಆ ಭಯ ಅರ್ಥ ಆಗುತ್ತದೆ.

ನಿರ್ವಾಹಕ

ಬೆಳಗಾವಿ ಬೇಡ. ದಯವಿಟ್ಟು.

ಬೋರ್ಮಾ_ಬಿಸಿ

ಮೂರು ದಿನದಿಂದ ಓದುತ್ತಾ ಇದ್ದೇನೆ. ಕಾರ್ಕಳದ ಹತ್ತಿರ ನಮ್ಮದೊಂದು ಸಣ್ಣ ಗೇರುಬೀಜ ಕಾರ್ಖಾನೆ ಇದೆ. ಎಲ್ಲರೂ ಫ್ರಾನ್ಸ್, ಬ್ರಿಟನ್ ಅಂತ ಬೈಯುತ್ತಿದ್ದೀರಿ. ಆದರೆ ಆಫ್ರಿಕಾದ ಬೀಜ ಅಲ್ಲೇ ಒಡೆಯಬೇಕು ಅಂತ ಆದರೆ ಮೊದಲು ಬಾಗಿಲು ಮುಚ್ಚುವುದು ನಾನು. ನನ್ನಲ್ಲಿ 90 ಹೆಂಗಸರು ಕೆಲಸ ಮಾಡುತ್ತಾರೆ. ಊರಿನ ಬೀಜ ಬಂದು ಮೂರ್ನಾಲ್ಕು ತಿಂಗಳಿಗೆ ಮುಗಿಯುತ್ತದೆ. ಉಳಿದ ಕಾಲ ಒಲೆ ಉರಿಯುವುದು ಐವರಿ ಕೋಸ್ಟ್, ಬೆನಿನ್, ತಾಂಜಾನಿಯಾ ಬೀಜದಿಂದ. ಡ್ರೈವರ್‌ಗೆ ಅದನ್ನೂ ಹೇಳಿ.

ಹಳೇ_ಮೇಷ್ಟ್ರು

ನೀವು ಬಂದದ್ದು ಒಳ್ಳೆಯದಾಯಿತು. ಮೊಜಾಂಬಿಕ್ ಕಥೆ ನಿಮಗೆ ಗೊತ್ತಿರಬೇಕಲ್ಲ?

ಬೋರ್ಮಾ_ಬಿಸಿ

ಗೊತ್ತಿಲ್ಲದೆ ಏನು. ನಮ್ಮ ಅಪ್ಪನ ಕಾಲದಲ್ಲಿ ಬಂದರಿಗೆ ಬರುತ್ತಿದ್ದ ಬೀಜವನ್ನು ಆಫ್ರಿಕಾ ಬೀಜ ಅಂತ ಮಾತ್ರ ಹೇಳುತ್ತಿದ್ದರು. ಅದರಲ್ಲಿ ಹೆಚ್ಚಿನದು ಮೊಜಾಂಬಿಕ್, ತಾಂಜಾನಿಯಾದ್ದು. ಪೋರ್ಚುಗೀಸರು ಬ್ರೆಜಿಲಿನಿಂದ ಗಿಡ ತಂದು ಗೋವಾದಲ್ಲೂ ಮೊಜಾಂಬಿಕ್‌ನಲ್ಲೂ ನೆಟ್ಟರು. ಮರ ಅಲ್ಲಿ, ಒಡೆಯುವ ಕೈ ಇಲ್ಲಿ. 1975ರಲ್ಲಿ ಅವರು ಸ್ವತಂತ್ರ ಆದರು. ಆಮೇಲೆ ಕಚ್ಚಾ ಬೀಜ ಹೊರಗೆ ಹೋಗದ ಹಾಗೆ ಮಾಡಿ ಕಾರ್ಖಾನೆ ನಡೆಸಲು ನೋಡಿದರು. ಅಂತರ್ಯುದ್ಧ ಬಂದು ತೋಟ, ಕಾರ್ಖಾನೆ ಎರಡೂ ಹಾಳು. 1990ರ ದಶಕದಲ್ಲಿ ಸಾಲ ಕೇಳಲು ಹೋದಾಗ ವಿಶ್ವಬ್ಯಾಂಕ್ ಹೇಳಿತು: ಕಚ್ಚಾ ಬೀಜದ ರಫ್ತಿಗೆ ಅವಕಾಶ ಕೊಡಿ, ಸುಂಕ ಇಳಿಸಿ, ರೈತನಿಗೆ ಒಳ್ಳೆಯ ಬೆಲೆ ಸಿಗುತ್ತದೆ. ಇಳಿಸಿದರು. ರೈತನಿಗೆ ಸಿಕ್ಕಿದ್ದು ಚಿಲ್ಲರೆ. ಕಾರ್ಖಾನೆಗಳು ಮುಚ್ಚಿದವು, ಸಾವಿರಾರು ಜನರ ಕೆಲಸ ಹೋಯಿತು. ಅವರಲ್ಲಿ ಹೆಂಗಸರೇ ಜಾಸ್ತಿ. ಬೀಜ ಬಂದದ್ದು ನಮ್ಮ ದೇಶಕ್ಕೆ. ನಾವು ಆಗ ಖುಷಿಪಟ್ಟೆವು, ಸುಳ್ಳು ಹೇಳುವುದಿಲ್ಲ.

ಸೊಪ್ಪಿನ_ಸಾರು

ಮೊದಲ ದಿನ 'ಫ್ರಾನ್ಸ್, ಚರ್ಚೆ ಮುಗಿಯಿತು' ಅನ್ನುವ ಹಾಗೆ ಬರೆದಿದ್ದೆ. ವಾಪಸ್ ತೆಗೆದುಕೊಂಡೆ.

ಲೆಕ್ಕದ_ಮನುಷ್ಯ

ನಮ್ಮ ಸರ್ಕಾರದ ಸುಂಕವನ್ನೂ ನೋಡಿ. ಸಿಪ್ಪೆ ಸಮೇತ ಬೀಜ ತಂದರೆ ಸುಂಕ ತೀರಾ ಕಡಿಮೆ. ಅದೇ ಒಡೆದ ತಿರುಳು ತಂದರೆ ಭಾರಿ ಸುಂಕ. ಅರ್ಥ ಏನು? ನಿಮ್ಮ ಕಚ್ಚಾ ಮಾಲಿಗೆ ಬಾಗಿಲು ತೆರೆದಿದೆ, ನಿಮ್ಮ ಕಾರ್ಖಾನೆಯ ಮಾಲಿಗೆ ಮುಚ್ಚಿದೆ. ಲ್ಯಾಂಕಾಶೈರ್‌ನವರು ಧಾರವಾಡದ ಹತ್ತಿಯನ್ನು ಬರಮಾಡಿಕೊಂಡು ನಮ್ಮ ಬಟ್ಟೆಗೆ ಮುಖ ತಿರುಗಿಸಿದ್ದಕ್ಕೂ ಇದಕ್ಕೂ ವ್ಯತ್ಯಾಸ ಎಷ್ಟು? ಇದನ್ನು ನಾನೇ ಬರೆಯಬೇಕಾಗಿ ಬಂತಲ್ಲ!

ಧಾರವಾಡ_ಹತ್ತಿ

ವ್ಯತ್ಯಾಸ ಇದೆ ರೀ. ಅವರ ಕೈಯಲ್ಲಿ ಬಂದೂಕು ಇತ್ತು. ನಮ್ಮ ಕೈಯಲ್ಲಿ ಬರೀ ರಸೀದಿ ಪುಸ್ತಕ.

ಕಂಪಾಲಾ_ಕನ್ನಡಿಗ

ರೈತನಿಗೆ ಬರುವ ಬೆಲೆಯಲ್ಲಿ ಆ ವ್ಯತ್ಯಾಸ ಕಾಣುತ್ತದಾ?

ಅಮ್ಮನ_ಕೈ

ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ನನ್ನ ಅಮ್ಮ 22 ವರ್ಷ ಬೀಜದ ಕಾರ್ಖಾನೆಯಲ್ಲಿ ಕೆಲಸ ಮಾಡಿದರು. ಮೊದಲು ಒಡೆಯುವ ಕೆಲಸ, ಆಮೇಲೆ ಸಿಪ್ಪೆ ಸುಲಿಯುವುದು. ಬೀಜದ ಎಣ್ಣೆ ಕೈಗೆ ತಾಗಿದರೆ ಚರ್ಮ ಸುಡುತ್ತದೆ, ಬೂದಿ ಹಚ್ಚಿಕೊಂಡು ಕೂರುತ್ತಿದ್ದರು. ಮದುವೆ ಮನೆಗೆ ಹೋದರೆ ಸೆರಗಿನಲ್ಲಿ ಕೈ ಮುಚ್ಚಿಕೊಳ್ಳುತ್ತಿದ್ದರು. ಕೂಲಿ ಕೆಜಿ ಲೆಕ್ಕ. ಇಡೀ ತಿರುಳು ಬಂದರೆ ಒಂದು ರೇಟು, ತುಂಡಾದರೆ ಬೈಗುಳ. ಆ ದುಡ್ಡಲ್ಲೇ ನಾನು ಡಿಗ್ರಿ ಓದಿದೆ.

ನೀವು ದೇಶ ದೇಶ ಅಂತ ಮಾತಾಡುತ್ತಿದ್ದೀರಿ. ಮಂಗಳೂರಿನ ಕಾರ್ಖಾನೆ ಗೆದ್ದಿತು ಅಂದರೆ ನನ್ನ ಅಮ್ಮ ಗೆದ್ದರು ಅಂತಲ್ಲ. ಮೊಜಾಂಬಿಕ್‌ನಲ್ಲಿ ಕೆಲಸ ಹೋದ ಹೆಂಗಸಿನ ಕೈಯೂ ಹೀಗೇ ಕಪ್ಪಾಗಿತ್ತು ಅಂತ ಇವತ್ತು ಅನ್ನಿಸಿತು. ಅಷ್ಟೇ.

ಬೋರ್ಮಾ_ಬಿಸಿ

@ಅಮ್ಮನ_ಕೈ ನಿಮ್ಮ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಈಗ ಕೈಗವಸು, ಸ್ಟೀಮ್, ಕತ್ತರಿಸುವ ಮೆಷೀನು ಎಲ್ಲ ಬಂದಿದೆ. ಆದರೂ ಕೆಲಸ ಕಷ್ಟವೇ.

ಊರಾಚೆ_ಮನೆ

ಭಾಷೆ ಬಗ್ಗೆ ಯಾರೂ ಹೇಳಲಿಲ್ಲ. ಅಲ್ಲಿ ಶಾಲೆ ಯಾವ ಭಾಷೆಯಲ್ಲಿ?

ಕುಡ್ಲದ_ಬೀಜ

ಫ್ರೆಂಚ್. ಸಂತೆಯಲ್ಲಿ ಮಾತ್ರ ಜೂಲಾ. ನನ್ನ ಫ್ರೆಂಚ್ ಕೇಳಿ ಅಬಿಜಾನ್‌ನ ಗುಮಾಸ್ತೆ ನಗುತ್ತಾನೆ. ನನ್ನ ನಾಲ್ಕು ಜೂಲಾ ಪದ ಕೇಳಿ ಕೊರೋಗೋದ ಅಜ್ಜಿ ಒಂದು ಹಿಡಿ ಬೀಜ ಜಾಸ್ತಿ ಹಾಕುತ್ತಾಳೆ. ಊಟದ್ದೂ ಹೀಗೇ. ಇಲ್ಲಿಯ ಬೆಳಗಿನ ತಿಂಡಿ ಉದ್ದದ ಫ್ರೆಂಚ್ ಬ್ರೆಡ್ಡು, ಆದರೆ ಈ ನೆಲದಲ್ಲಿ ಗೋಧಿ ಬೆಳೆಯುವುದಿಲ್ಲ. ಅದೂ ಹಡಗಲ್ಲೇ ಬರಬೇಕು. ಇವರದ್ದೇ ತಿಂಡಿ ಅಟಿಯೇಕೆ, ಮರಗೆಣಸಿನದ್ದು, ನೋಡಲು ಥೇಟ್ ನಮ್ಮ ಉಪ್ಪಿಟ್ಟು. ಮಾವಿನಮಿಡಿ ಉಪ್ಪಿನಕಾಯಿ ಜೊತೆ ಒಮ್ಮೆ ತಿಂದು ನೋಡಿ.

ಬೈಕಂಪಾಡಿ_ಬಸ್ಸು

ಇಡೀ ಚರ್ಚೆಯಲ್ಲಿ ಅತ್ಯಂತ ಉಪಯುಕ್ತ ಮಾಹಿತಿ.

ಹಳೇ_ಮೇಷ್ಟ್ರು

ಕೊನೆಗೆ ಒಂದು ಸೇರಿಸುತ್ತೇನೆ, ಏನೂ ಬದಲಾಗಿಲ್ಲ ಅಂತ ಅನ್ನಬಾರದಲ್ಲ. 2019ರ ಡಿಸೆಂಬರ್‌ನಲ್ಲಿ ಅಬಿಜಾನ್‌ನಲ್ಲೇ ಘೋಷಣೆ ಆಯಿತು: ಪಶ್ಚಿಮ ಆಫ್ರಿಕಾದ ಎಂಟು ದೇಶಗಳು ಇನ್ನು ಪ್ಯಾರಿಸ್‌ನಲ್ಲಿ ಹಣ ಇಡಬೇಕಾಗಿಲ್ಲ, ನೋಟಿನ ಹೆಸರು 'ಎಕೋ' ಆಗುತ್ತದೆ. ಹಣ ಇಡುವ ಕಟ್ಟಳೆ ಹೋಯಿತು. ಹೆಸರು ಮಾತ್ರ ಇನ್ನೂ ಕಾಗದದಲ್ಲೇ ಇದೆ, ಯೂರೋ ಗಂಟೂ ಬಿಚ್ಚಿಲ್ಲ. 2025ರ ಫೆಬ್ರವರಿಯಲ್ಲಿ ಅಬಿಜಾನ್‌ನ ಫ್ರೆಂಚ್ ಸೇನಾ ನೆಲೆಯನ್ನು ಆ ದೇಶಕ್ಕೆ ಒಪ್ಪಿಸಿದರು. ಲೆಕ್ಕ ಹಾಕಿ, ಸ್ವಾತಂತ್ರ್ಯ ಬಂದ ಎಷ್ಟನೇ ವರ್ಷಕ್ಕೆ ಅಂತ.

ಕುಡ್ಲದ_ಬೀಜ

ಆ ನೆಲೆ ವಿಮಾನ ನಿಲ್ದಾಣದ ಪಕ್ಕದಲ್ಲೇ ಇದೆ, ನಾನು ಬರುವಾಗ ಹೋಗುವಾಗ ಕಾಣುತ್ತದೆ. ಈಗ ಬೋರ್ಡಿನ ಮೇಲೆ ಹೊಸ ಹೆಸರು.

ಎಲ್ಲರಿಗೂ ಥ್ಯಾಂಕ್ಸ್. ಅರ್ಧದಷ್ಟನ್ನು ನನ್ನ ಹರಕು ಫ್ರೆಂಚಿನಲ್ಲಿ ಡ್ರೈವರ್‌ಗೆ ಹೇಳಿದೆ. ಮೊಜಾಂಬಿಕ್ ಕಥೆ ಹೇಳುವಾಗ ಗಾಡಿ ನಿಧಾನ ಮಾಡಿ ಕೇಳಿದ. ಅವನಿಗೆ ಸಿಟ್ಟು ಬರಬಹುದು ಅಂದುಕೊಂಡಿದ್ದೆ. "ಹಾಗಾದರೆ ನಿಮಗೆ ಒಡೆಯಲು ಬರುತ್ತದೆ ಅನ್ನಿ" ಅಂದ, ಅಷ್ಟೇ.

ಅವನ ತಮ್ಮ ಬುವಾಕೆಯ ಒಂದು ಹೊಸ ಕಾರ್ಖಾನೆಯಲ್ಲಿ ಇದ್ದಾನಂತೆ. ಇಲ್ಲಿಯ ಸರ್ಕಾರ ಈಗ ಒಡೆಯುವವರಿಗೆ ಸಬ್ಸಿಡಿ ಕೊಡುತ್ತಿದೆ, ಅದಕ್ಕೇ ಶೆಡ್‌ಗಳು ಏಳುತ್ತಿವೆ. ಅಲ್ಲಿ ಬೋರ್ಮಾದ (ತಿರುಳು ಒಣಗಿಸುವ ಬಿಸಿ ಗೂಡು) ಬಿಸಿ ಸರಿಯಾಗಿ ನಿಲ್ಲುತ್ತಿಲ್ಲ. ಒಂದು ಕಡೆ ತಿರುಳು ಕಂದು ಆಗುತ್ತದೆ, ಇನ್ನೊಂದು ಕಡೆ ಸಿಪ್ಪೆ ಬಿಡುವುದಿಲ್ಲ. ಮೂರು ತಿಂಗಳಿಗೆ ಯಾರಾದರೂ ಮಂಗಳೂರಿನ ಮೆಕ್ಯಾನಿಕ್ ಬರುತ್ತಾರಾ ಅಂತ ಕೇಳುತ್ತಿದ್ದಾರೆ. ಟಿಕೆಟ್, ಊಟ, ವಸತಿ ಅವರದ್ದು. @ಬೋರ್ಮಾ_ಬಿಸಿ ನಿಮಗೆ ಕೋಪ ಬರಬಾರದು.

ಬೋರ್ಮಾ_ಬಿಸಿ

ಕೋಪ ಇಲ್ಲ ಅಂದರೆ ಸುಳ್ಳು. ನನ್ನ ಮೆಕ್ಯಾನಿಕ್‌ನನ್ನು ಮಾತ್ರ ಕೇಳಬೇಡಿ, ಮಳೆಗಾಲದ ಮೊದಲು ಬಾಯ್ಲರ್ ಕೆಲಸ ಇದೆ.

ಬಿಸಿ ನಿಲ್ಲದಿದ್ದರೆ ಮೊದಲು ಡ್ಯಾಂಪರ್ (ಗಾಳಿ ಹೆಚ್ಚು ಕಡಿಮೆ ಮಾಡುವ ಮುಚ್ಚಳ) ನೋಡಲಿ. ಆಮೇಲೆ ಟ್ರೇಗಳನ್ನು ನಡುವೆ ಒಮ್ಮೆ ಮೇಲೆ ಕೆಳಗೆ ಬದಲಾಯಿಸುತ್ತಾರಾ ಕೇಳಿ. ಹೊಸಬರು ಅದನ್ನೇ ಮರೆಯುವುದು.

ಅಮ್ಮನ_ಕೈ

ನನ್ನ ಭಾವ ಬೋರ್ಮಾ ಕೆಲಸದವರು, ಕಳೆದ ವರ್ಷ ಅವರ ಕಾರ್ಖಾನೆ ಮುಚ್ಚಿತು. ಪಾಸ್‌ಪೋರ್ಟ್ ಇದೆ. ಫ್ರೆಂಚ್ ಬರುವುದಿಲ್ಲ, ತುಳು ಬರುತ್ತದೆ. ಆಗುತ್ತದಾ?

ಕುಡ್ಲದ_ಬೀಜ

ಧಾರಾಳ ಆಗುತ್ತದೆ ಅಕ್ಕ. ನಂಬರ್ ಮೆಸೇಜ್ ಮಾಡಿ. ಬರುವಾಗ ಉಪ್ಪಿನಕಾಯಿ ತರಲು ಹೇಳಿ.